ಕೆಂಪಿಲ್ಲದ ಕೆಂಪು ರಾಟವಾಳ

ಬಿ.ಪಿ. ಇದೆ ಎಂದು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. ಶುಗರ್ ಇದೆ ಎಂದು ಮದುವೆಯ ಪಂಕ್ತಿಯಲ್ಲಿ ಊರಿಗೆಲ್ಲ ಕೇಳುವಂತೆ ಹೇಳಿ, ಹೇಳಿದ ಬಾಯಲ್ಲೇ ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಳ್ಳುವವರನ್ನೂ ಕಂಡಿದ್ದೇನೆ. ಆದರೆ ‘ನನಗೆ ಹೊಟ್ಟೆಕಿಚ್ಚಿದೆ’ ಎಂದು ಯಾರಾದರೂ ಹೇಳಿಕೊಂಡದ್ದನ್ನು ಈವರೆಗೆ ಕೇಳಿಲ್ಲ. ಹೊಟ್ಟೆಕಿಚ್ಚು ಯಾವಾಗಲೂ ಎದುರು ಮನೆಯವರಿಗೇ ಇರುತ್ತದೆ. ಇದು ಎದುರು ಮನೆಯವರಿಗೆ ಆಗುತ್ತಿರುವ ಅನ್ಯಾಯ ಎಂದು ನನಗನ್ನಿಸಿದ್ದರಿಂದ ನಾನಾದರೂ ಬಾಯಿಬಿಟ್ಟು ಹೇಳಿಬಿಡುತ್ತೇನೆ. ನನಗಿದೆ. ಬಹಳ ವರ್ಷಗಳಿಂದ ಇದೆ. ಮೊದಲೆಲ್ಲ ಅದು ಬಂಗಾರ, ಸೀರೆ, ಮಕ್ಕಳ ಮಾರ್ಕ್ಸು ಎಂದು ಮರ್ಯಾದಸ್ಥರ ಹಾದಿಯಲ್ಲೇ ಓಡಾಡಿಕೊಂಡಿತ್ತು. ಈಗ ಹೆಬ್ಬೆರಳಿನಷ್ಟು ಗಾತ್ರದ ಒಂದು ಹಕ್ಕಿಯ ಮೇಲೆ ಬಂದು ಕೂತಿದೆ.

ನನ್ನ ಹೊಟ್ಟೆಕಿಚ್ಚಿಗೆ ಒಂದು ಹೆಸರೂ ಇದೆ, ಭಾಗ್ಯಶ್ರೀ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಅವರಿರುವುದು ಬಸವಕಲ್ಯಾಣದಲ್ಲಿ, ನಾವು ಹುಮನಾಬಾದಿನಲ್ಲಿ. ನಡುವಿನ ದೂರ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು. ಅತ್ತೆಯವರು ಇರುವುದು ನಮ್ಮ ಮನೆಯಲ್ಲಿ. ಹೀಗಿದ್ದರೆ ಏನಾಗುತ್ತದೆ ಎಂಬುದು ಸೊಸೆಯಂದಿರಿಗೆಲ್ಲ ಗೊತ್ತು. ದಿನಾ ರೊಟ್ಟಿ ಬಡಿದು ಹಾಕುವವಳು ನಾನು, ಹೊಗಳಿಸಿಕೊಳ್ಳುವವಳು ಹಬ್ಬಕ್ಕೊಮ್ಮೆ ಪೇಢೆಯ ಡಬ್ಬಿ ಹಿಡಿದು ಬರುವವಳು. ಸಾಲದ್ದಕ್ಕೆ ಭಾಗ್ಯಶ್ರೀಯ ತವರು ಕೊಹಿನೂರ. ಕಲ್ಯಾಣ ತಾಲ್ಲೂಕಿನಲ್ಲಿ ಆ ಹೆಸರಿನ ಹಳ್ಳಿಯೊಂದಿದೆ. ಎಲ್ಲ ಹಳ್ಳಿಗಳ ಹಾಗೆ ಅಲ್ಲಿಯೂ ತೊಗರಿ, ಜೋಳ ಬೆಳೆಯುತ್ತಾರೆ, ವಜ್ರ ಬೆಳೆಯುವುದಿಲ್ಲ. ಆದರೆ ಅತ್ತೆಯವರಿಗೆ ಹೆಸರಷ್ಟೇ ಸಾಕು. ಮನೆಗೆ ಬಂದವರೆದುರು, "ನಮ್ಮ ಸಣ್ಣ ಸೊಸಿ ಕೊಹಿನೂರದಾಕಿರಿ" ಎನ್ನುತ್ತಾರೆ, ಯಾವುದೋ ರಾಣಿಯ ಕಿರೀಟದಿಂದ ಬಿಡಿಸಿ ತಂದವರ ಗತ್ತಿನಲ್ಲಿ. ನನ್ನ ತವರು ಮನ್ನಾಏಖೇಳ್ಳಿ. ಹೈವೇ ಮೇಲಿನ ದೊಡ್ಡ ಊರು, ಅಂಗಡಿ ಮುಂಗಟ್ಟು ಯಾವುದಕ್ಕೂ ಕೊರತೆಯಿಲ್ಲ. ಆದರೆ ಆ ಹೆಸರು ಹಿಡಿದುಕೊಂಡು ಯಾರೂ ಸೊಸೆಯನ್ನು ಹೊಗಳಲಾರರು. ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರು ಕೂಗಬಹುದು, ಅಷ್ಟೇ.

ಹಕ್ಕಿ ನೋಡುವ ಹುಚ್ಚು ಮೊದಲು ಹತ್ತಿದ್ದೂ ಭಾಗ್ಯಶ್ರೀಗೇ. ಕಲ್ಯಾಣದಲ್ಲಿ ಖಾಜಾ ಸರ್ ಎಂದು ಒಬ್ಬರಿದ್ದಾರೆ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ರಿಟೈರಾದವರು. ಭಾನುವಾರ ಬೆಳಿಗ್ಗೆ ಆಸಕ್ತಿ ಇದ್ದವರನ್ನು ತ್ರಿಪುರಾಂತ ಕೆರೆಯ ಕಡೆ ಕರೆದುಕೊಂಡು ಹೋಗಿ ಹಕ್ಕಿ ತೋರಿಸುತ್ತಾರೆ. ಡಾಕ್ಟರು ನಡೆಯಲು ಹೇಳಿದ್ದರೆಂದು ಭಾಗ್ಯಶ್ರೀ ಆ ಗುಂಪಿನ ಹಿಂದೆ ನಡೆಯಲು ಹೋದಳು, ನಡೆಯುವುದು ಬಿಟ್ಟು ನಿಂತು ನೋಡಲು ಕಲಿತಳು. ಒಂದು ದಿನ ಫೋನು ಮಾಡಿ, "ಅಕ್ಕಾ, ನಿಮಗ ಮಿಂಚುಳ್ಳಿ ಗೊತ್ತದೇನ್ರಿ? ಏನ್ ಬಣ್ಣ ಅಂತೀರಿ" ಎಂದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮಿಂಚುಳ್ಳಿ ಎಂಬ ಪದಕ್ಕೆ ಅರ್ಥ ಬರೆಸಿದ್ದೇನೆ, ಸ್ವಂತ ವಾಕ್ಯದಲ್ಲಿ ಪ್ರಯೋಗಿಸಲು ಹೇಳಿದ್ದೇನೆ, ಆದರೆ ಅದರ ಮುಖ ನೋಡಿರಲಿಲ್ಲ. "ಗೊತ್ತಿಲ್ದೇನು, ನನಗ ಮೊದಲಿಂದಲೂ ಹಕ್ಕಿ ಅಂದ್ರ ಜೀವ" ಎಂದುಬಿಟ್ಟೆ. ಮುಂದಿನ ಭಾನುವಾರ ಕಲ್ಯಾಣದ ಮೊದಲ ಬಸ್ಸಿನಲ್ಲಿ ನಾನಿದ್ದೆ. ಕೊರಳಲ್ಲಿ ಹೊಸ ದುರ್ಬೀನು. ಕೊಳ್ಳುವ ಮೊದಲು ಅವಳದು ಯಾವ ಸೈಜಿನದೆಂದು ವಿಚಾರಿಸಿ, ಅದಕ್ಕಿಂತ ಒಂದು ಸೈಜು ದೊಡ್ಡದನ್ನೇ ತರಿಸಿದ್ದೆ. ಅದರ ಭಾರಕ್ಕೆ ಕತ್ತು ನೋಯುತ್ತದೆ, ಆದರೆ ಹೇಳುವಂತಿಲ್ಲ.

ಖಾಜಾ ಸರ್ ನಮ್ಮದೊಂದು ವಾಟ್ಸಾಪ್ ಗ್ರೂಪು ಮಾಡಿದ್ದಾರೆ. ಅದಕ್ಕೊಂದು ಕಾನೂನೂ ಮಾಡಿದ್ದಾರೆ. ಗ್ರೂಪಿನಲ್ಲಿ ಈವರೆಗೆ ಯಾರೂ ಕಾಣದ ಹಕ್ಕಿಯನ್ನು ಯಾರು ಮೊದಲು ಕಂಡು ಫೋಟೋ ಹಾಕುತ್ತಾರೋ ಅವರ ಫೋಟೋ ಗ್ರೂಪಿನ ಡಿ.ಪಿ. ಆಗುತ್ತದೆ, ಕೆಳಗೆ ಅವರ ಹೆಸರು. ಇನ್ನೊಂದು ಹೊಸ ಹಕ್ಕಿ ಸಿಗುವ ತನಕ ಅದು ಹಾಗೇ ಇರುತ್ತದೆ. ನಾನು ಸೇರಿದ ದಿನದಿಂದ ಆ ದುಂಡಗಿನ ಚೌಕಟ್ಟಿನಲ್ಲಿ ಮತ್ತೆ ಮತ್ತೆ ಭಾಗ್ಯಶ್ರೀಯ ಹೆಸರನ್ನೇ ನೋಡಿದ್ದೇನೆ. ಹಾಲಿನವನ ಮೆಸೇಜು ನೋಡಲು ಫೋನು ತೆರೆದರೂ ಅದು ಕಣ್ಣಿಗೆ ಬೀಳುತ್ತದೆ. ನನ್ನ ಹೆಸರು ಒಮ್ಮೆ, ಒಂದೇ ಒಂದು ಸಲ, ಅಲ್ಲಿ ಬರಬೇಕು ಎಂದು ನನಗೆಷ್ಟು ಆಸೆಯಿತ್ತೆಂದರೆ, ದೇವರ ಮುಂದೆ ದೀಪ ಹಚ್ಚುವಾಗ ಮಗಳ ಪಿ.ಯು.ಸಿ. ಪರೀಕ್ಷೆಯ ಪಕ್ಕದಲ್ಲೇ ಅದನ್ನೂ ಇಡುತ್ತಿದ್ದೆ.

ನಮ್ಮ ಭಾಗದಲ್ಲಿ ಅಷ್ಟು ಹೊತ್ತಿಗೆ ಯಾರಿಗೂ ಸಿಗದೆ ಉಳಿದಿದ್ದುದು ಕೆಂಪು ರಾಟವಾಳ. ಖಾಜಾ ಸರ್ ಅದನ್ನು ಲಾಲ್ ಮುನಿಯಾ ಎನ್ನುತ್ತಾರೆ. ಈ ರಾಟವಾಳಗಳೆಂದರೆ ಹೊಸಬರ ಪಾಲಿಗೆ ಕಣ್ಣೀರು ತರಿಸುವ ಜಾತಿ. ಎಲ್ಲವೂ ಗುಬ್ಬಿಗಿಂತ ಚಿಕ್ಕವು, ಎಲ್ಲಕ್ಕೂ ಕಾಳು ಒಡೆಯುವ ದಪ್ಪ ಕೊಕ್ಕು, ಹೆಚ್ಚಿನವು ಚಹಾ ಸೋಸಿ ಉಳಿದ ಪುಡಿಯ ಬಣ್ಣ. ಬಿಳಿ ಕತ್ತಿನ ರಾಟವಾಳದ ಬಾಲ ಕಪ್ಪು, ಕತ್ತು ಬಿಳಿ ಅನ್ನುತ್ತಾರೆ. ಅದು ಕತ್ತು ತಿರುಗಿಸಿ ತೋರಿಸುವಷ್ಟು ಹೊತ್ತು ನಿಂತರಲ್ಲವೇ? ಚುಕ್ಕೆ ರಾಟವಾಳದ ಎದೆಯ ತುಂಬ ಚುಕ್ಕೆ, ಆದರೆ ಅದರ ಮರಿಗೆ ಒಂದು ಚುಕ್ಕೆಯೂ ಇಲ್ಲ. ನೀವು ದುರ್ಬೀನು ಸರಿಮಾಡಿಕೊಳ್ಳುವಷ್ಟರಲ್ಲಿ ಇಡೀ ಹಿಂಡು ಎದ್ದು ಪಕ್ಕದ ಕಬ್ಬಿನಲ್ಲಿ ಮಾಯ. ನಾನು ಬಾಯಿಪಾಠ ಮಾಡುತ್ತ ಓಡಾಡುವುದನ್ನು ಕೇಳಿ ಅತ್ತೆಯವರು, "ಯಾರವಾ ಅಂವ ರಾಟವಾಳ? ಬಜಾರದಾಗ ಬಟ್ಟಿ ಅಂಗಡಿ ಇಟ್ಟ ಮಾರವಾಡಿ ಏನು?" ಎಂದರು. ಫೋಟೋ ತೋರಿಸಿದೆ. ಅವರು ಬೇಮಳಖೇಡದ ಒಕ್ಕಲು ಮನೆಯಲ್ಲಿ ಹುಟ್ಟಿ ಬೆಳೆದವರು. "ಇವೇನು? ಜ್ವಾಳ ಹಾಲ್ಗಾಳ ಆದಾಗ ಇವನ್ನ ಕವಣಿ ಬೀಸಿ ಓಡಸ್ತಿದ್ದಿವಿ. ನಾವು ಓಡಿಸಿದ್ದನ್ನ ನೀವು ಬೆನ್ನ ಹತ್ತೀರಲ್ಲ" ಎಂದು ಮತ್ತೆ ಬೇಳೆ ಕೇರಲು ಕೂತರು.

ಶಿವರಾತ್ರಿಯ ಆಸುಪಾಸಿನಲ್ಲಿ ಭಾಗ್ಯಶ್ರೀ ಗ್ರೂಪಿಗೊಂದು ಫೋಟೋ ಹಾಕಿದಳು. ಕೆರೆಯ ದಂಡೆಯ ಜೊಂಡಿನಲ್ಲಿ ಕೂತ ಕಂದು ಬಣ್ಣದ ಸಣ್ಣ ಹಕ್ಕಿ, ಕೊಕ್ಕು ಮಾತ್ರ ಕೆಂಪು. ಕೆಳಗೆ, ‘ಕೆಂಪು ರಾಟವಾಳ ಇರಬಹುದೇನ್ರಿ?’ ಎಂದು ಬರೆದಿದ್ದಳು. ಸುದೈವಕ್ಕೆ, ಅಂದರೆ ನನ್ನ ಸುದೈವಕ್ಕೆ, ಖಾಜಾ ಸರ್‌ಗೆ ಆ ವಾರವೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಫೋನು ಮುಟ್ಟಬಾರದೆಂದು ಅವರ ಬೇಗಂ ಅದನ್ನು ಕಪಾಟಿನಲ್ಲಿಟ್ಟಿದ್ದರು. ಸರ್ ಇಲ್ಲದಾಗ ತೀರ್ಪು ಹೇಳುವವರು ಯಾರು? ಕೇಳದಿದ್ದರೂ ನಾನೇ ಮುಂದೆ ಬಂದೆ. ಕನ್ನಡ ಟೀಚರ್ ಬರೆದರೆ ಹೇಗಿರುತ್ತದೆ ಎಂದು ತೋರಿಸುವಂತೆ ಉದ್ದಕ್ಕೆ ಬರೆದೆ. ಹೆಸರಲ್ಲೇ ಕೆಂಪು ಇದೆ, ಹಕ್ಕಿಯಲ್ಲಿ ಎಲ್ಲಿದೆ? ಪುಸ್ತಕದ ಚಿತ್ರದಲ್ಲಿ ಅದು ಕುಂಕುಮದಷ್ಟು ಕೆಂಪಗಿದೆ. ಇದು ಚುಕ್ಕೆ ರಾಟವಾಳದ ಮರಿ. ಕೊಕ್ಕು ಕೆಂಪಗೆ ಕಂಡದ್ದು ಸಂಜೆ ಬಿಸಿಲಿಗೆ. ಹೊಸಬರು ಅವಸರ ಮಾಡಬಾರದು. ಈ ಕೊನೆಯ ಮಾತನ್ನು ಬರೆಯುವಾಗ ನನಗಾದ ಆನಂದವನ್ನು ಮುಚ್ಚಿಡುವುದಿಲ್ಲ. ಭಾಗ್ಯಶ್ರೀ, ‘ಹೌದ್ರಿ ಅಕ್ಕಾ, ನೀವು ಹೇಳಿದ್ದೇ ಖರೆ ಇರಬೇಕು’ ಎಂದು ಕೈ ಮುಗಿದ ಚಿತ್ರ ಹಾಕಿದಳು. ಡಿ.ಪಿ. ಬದಲಾಗಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಯಾವ ಹಬ್ಬವೂ ಇಲ್ಲದೆ ಶಿರಾ ಆಯಿತು. ನಮ್ಮ ಮನೆಯವರು ಯಾಕೆ ಎಂದು ಕೇಳದೆ ಎರಡು ಸಲ ಹಾಕಿಸಿಕೊಂಡರು.

ಹೋಳಿ ಮುಗಿದ ಮೇಲೆ ಒಂದು ಬೆಳಿಗ್ಗೆ, ನಮ್ಮ ಕಾಲನಿಯ ಹಿಂದಿನ ಹಳ್ಳದ ಬದಿ ಕಬ್ಬಿನ ಹೊಲದ ಅಂಚಿಗೆ ಹೋಗಿದ್ದೆ. ಹುಲ್ಲಿನ ತೆನೆಯ ಮೇಲೆ ಒಂದು ಸಣ್ಣ ಹಿಂಡು ತೂಗಾಡುತ್ತಿತ್ತು. ಅಪರೂಪಕ್ಕೆ ಹಾರಿಹೋಗದೆ ಕೂತಿದ್ದವು. ಬೆಳಗಿನ ಬಿಸಿಲಿನಲ್ಲಿ ಒಂದು ಹಕ್ಕಿ ನನಗೆ ಬೆನ್ನು ಕೊಟ್ಟು, ಆಮೇಲೆ ಕತ್ತನ್ನೂ ತಿರುಗಿಸಿತು. ಮೈ ಕಂದು, ರೆಕ್ಕೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳು, ಬಾಲದ ಬುಡ ಕೆಂಪು, ಕೊಕ್ಕು ಕೆಂಪು. ಸಂಜೆ ಬಿಸಿಲಿನ ನೆಪ ಹೇಳುವಂತಿರಲಿಲ್ಲ. ಫೋಟೋ ತೆಗೆದುಕೊಂಡು ಮನೆಗೆ ಓಡಿ ಬಂದು ಪುಸ್ತಕ ತೆರೆದೆ. ನಾನು ಹಿಂದೆ ನೋಡಿದ್ದು ಚಿತ್ರ ಮಾತ್ರ, ಪುಟ ತಿರುಗಿಸಿರಲಿಲ್ಲ. ಮಗುಚಿದರೆ ಹಾಳೆಯ ಹಿಂಬದಿಯಲ್ಲಿತ್ತು: ಗಂಡು ಕೆಂಪಗಿರುವುದು ಮರಿ ಮಾಡುವ ಕಾಲದಲ್ಲಿ ಮಾತ್ರ, ಅದು ಮುಗಿದ ಮೇಲೆ ಹೆಣ್ಣಿನ ಹಾಗೆಯೇ ಕಂದು. ಮದುವೆಯ ಶೇರವಾನಿಯನ್ನು ಮಡಿಸಿ ಇಟ್ಟು ಮತ್ತೆ ಬನಿಯನ್ನಿಗೆ ಬರುವ ಗಂಡಸರ ಕ್ರಮವೇ ಅದು. ಕೊಕ್ಕು ನೋಡಿ ಗುರುತು ಹಿಡಿಯಿರಿ, ಎಂದಿತ್ತು ಪುಸ್ತಕ.

ಅಂದರೆ ನಾನು ಕೆಂಪು ರಾಟವಾಳ ಕಂಡಿದ್ದೆ. ಕುಣಿಯಬೇಕಿತ್ತು. ಕುಣಿಯಲು ಎದ್ದವಳು ಹಾಗೇ ಕುಕ್ಕರಿಸಿದೆ. ನನ್ನದು ಕೆಂಪು ರಾಟವಾಳವಾದರೆ ಭಾಗ್ಯಶ್ರೀಯದೂ ಕೆಂಪು ರಾಟವಾಳವೇ. ನನ್ನದಕ್ಕೆ ಕೊಕ್ಕು ಸಾಕ್ಷಿಯಾದರೆ ಅವಳದಕ್ಕೂ ಅದೇ ಕೊಕ್ಕು. ಮತ್ತು ಅವಳು ಮೊದಲು ಕಂಡವಳು. ನನ್ನ ಹಕ್ಕಿಯನ್ನು ನನ್ನದು ಮಾಡಿಕೊಳ್ಳಬೇಕಾದರೆ ಮೊದಲು ಅವಳ ಹಕ್ಕಿಯನ್ನು ಅವಳಿಗೆ ಕೊಡಬೇಕು. ಅವತ್ತು ಮಧ್ಯಾಹ್ನದ ತನಕ ನನ್ನ ಕೈಗೆ ಕೆಲಸ ಹತ್ತಲಿಲ್ಲ. ರೊಟ್ಟಿಗಳೆಲ್ಲ ಹೆಂಚಿನ ಮೇಲೆ ಸೀದವು. "ಯಾರ ಮ್ಯಾಲಿನ ಸಿಟ್ಟವಾ ಶಕುಂತಲಾ?" ಎಂದರು ಅತ್ತೆಯವರು. ಯಾರ ಮೇಲೆ ಎಂದು ಹೇಳಲಿ?

ಕಡೆಗೆ ಒಂದು ಉಪಾಯ ಹೊಳೆಯಿತು. ಖಾಜಾ ಸರ್ ಕಣ್ಣಿನ ಪಟ್ಟಿ ಬಿಚ್ಚಿ ಫೋನಿಗೆ ಮರಳಿದ್ದರು. ಭಾಗ್ಯಶ್ರೀಯ ಹಳೆಯ ಫೋಟೋ ಗುಡ್ ಮಾರ್ನಿಂಗ್‌ಗಳ ಅಡಿಯಲ್ಲಿ ಎಂದೋ ಹೂತು ಹೋಗಿತ್ತು. ನಾನು ನನ್ನ ಫೋಟೋ ಹಾಕಿ, ‘ಚುಕ್ಕೆ ರಾಟವಾಳದ ಮರಿ ಅನಿಸುತ್ತದೆ ಸರ್’ ಎಂದು ಬರೆಯುವುದು. ಸರ್ ನೋಡಿ, ‘ಅರೆ, ಇದು ಲಾಲ್ ಮುನಿಯಾ’ ಎನ್ನುವುದು. ನಾನು, ‘ಹೌದಾ ಸರ್? ನನಗೆ ತಿಳಿಯಲೇ ಇಲ್ಲ’ ಎಂದು ಬೆರಗಾಗುವುದು. ಡಿ.ಪಿ.ಯೂ ನನ್ನದು, ವಿನಯವೂ ನನ್ನದು. ಎಲ್ಲ ಬರೋಬ್ಬರಿ ಕೂಡಿಸಿ, ಬೆರಗಿನ ಮೆಸೇಜನ್ನು ಮೊದಲೇ ಟೈಪು ಮಾಡಿಟ್ಟುಕೊಂಡು ಫೋಟೋ ಕಳಿಸಿದೆ.

ಸರ್‌ಗಿಂತ ಮೊದಲು ಭಾಗ್ಯಶ್ರೀ ಬಂದಳು. ‘ಅಕ್ಕಾ, ಇದು ಮರಿ ಅಲ್ರಿ. ಕೊಕ್ಕು ನೋಡ್ರಿ, ಬಾಲದ ಬುಡ ನೋಡ್ರಿ, ರೆಕ್ಕಿ ಮ್ಯಾಲಿನ ಬಿಳಿ ಚುಕ್ಕಿ ನೋಡ್ರಿ. ಇದು ಕೆಂಪು ರಾಟವಾಳನ. ಈ ದಿನದಾಗ ಕೆಂಪು ಇರಂಗಿಲ್ಲಂತ, ನಾನೂ ಈಚೀಗೆ ಓದಿದೆ. ನಂದು ಫೋಟೋ ಮಸಕಿತ್ತು, ಅದನ್ನ ಲೆಕ್ಕಕ್ಕ ತಗೋಬ್ಯಾಡ್ರಿ ಸರ್. ಅಕ್ಕಂದೇ ಮೊದಲನೇದು.’ ಹಿಂದೆಯೇ ಖಾಜಾ ಸರ್: ‘ಬಹುತ್ ಖೂಬ್. ಭಾಗ್ಯಶ್ರೀ ಅವರು ಭಾಳ ಛಂದ ಗುರುತು ಹಿಡಿದಾರ. ಹೀಗ ನೋಡೋದು ಕಲೀಬೇಕು. ಡಿ.ಪಿ. ಶಕುಂತಲಾ ಮೇಡಂ ಅವರದು.’ ಆಮೇಲೆ ಇಡೀ ಗ್ರೂಪು ಚಪ್ಪಾಳೆಯ ಚಿತ್ರಗಳನ್ನು ಹಾಕಿತು. ಒಂದೊಂದನ್ನೂ ಬಿಡಿಸಿ ನೋಡಿದೆ. ಎಲ್ಲವೂ ಭಾಗ್ಯಶ್ರೀಯ ಕಣ್ಣಿಗೆ, ಭಾಗ್ಯಶ್ರೀಯ ದೊಡ್ಡ ಮನಸ್ಸಿಗೆ. ದುಂಡಗಿನ ಚೌಕಟ್ಟಿನಲ್ಲಿ ನನ್ನ ಹಕ್ಕಿ ಬಂದು ಕೂತಿತು, ಕೆಳಗೆ ನನ್ನ ಹೆಸರು. ತನ್ನ ಹಕ್ಕಿ ಯಾವುದೆಂದು ತನಗೇ ತಿಳಿಯದವಳ ಹೆಸರು. ಟೈಪು ಮಾಡಿಟ್ಟ ಬೆರಗನ್ನು ಅಳಿಸಿದೆ.

ನನಗೆ ಡಿ.ಪಿ. ಬಂತಲ್ಲ, ಅವಳಿಗೆ ಒಳಗೊಳಗೆ ಸ್ವಲ್ಪವಾದರೂ ಉರಿದಿರಬೇಕು ಎಂಬ ಒಂದೇ ಆಸೆ ಉಳಿದಿತ್ತು. ಫೋನು ಮಾಡಿದೆ. "ಭಾಗ್ಯಾ, ಖರೆ ಹೇಳು, ನಿನಗೇನೂ ಅನಸಲಿಲ್ಲೇನು?"

"ಏನ್ ಅನಸಬೇಕ್ರಿ ಅಕ್ಕಾ? ಖುಷಿ ಆತು. ಇವರಿಗೂ ತೋರಸಾಕತ್ತಿದ್ದೆ ಈಗ."

ಅವಳ ದನಿಯಲ್ಲಿ ಎಲ್ಲಾದರೂ ಒಂದು ಬಿರುಕು ಸಿಗುತ್ತದೆಯೇ ಎಂದು ಕಿವಿಗೊಟ್ಟು ಕೇಳಿದೆ. ಸಿಗಲಿಲ್ಲ. ಅವಳು ನಿಜವಾಗಿಯೂ ಖುಷಿಯಾಗಿದ್ದಳು. ಫೋನಿಟ್ಟ ಮೇಲೆ ನನಗೆ ಅಳುವೇ ಬಂತು. ಅವಳು ಮದುವೆಯಾಗಿ ಬಂದಾಗಿನಿಂದ ಅವಳ ಹೋಳಿಗೆ, ಅವಳ ಜಡೆ, ಅವಳ ಊರಿನ ಹೆಸರು ಒಂದನ್ನೂ ಬಿಡದೆ ನಾನು ಹೊಟ್ಟೆಕಿಚ್ಚುಪಟ್ಟಿದ್ದೇನೆ. ಅವಳಿಗೆ ಮಾತ್ರ ನನ್ನಲ್ಲಿ ಹೊಟ್ಟೆಕಿಚ್ಚುಪಡುವಂಥದ್ದು ಒಂದೂ ಕಂಡಿಲ್ಲ. ನೋಡಲು ಬರುವ ಕಣ್ಣು ಅವಳದು. ಇದ್ದಿದ್ದರೆ ಕಾಣದೆ ಇರುತ್ತಿರಲಿಲ್ಲ.

ಸಂಜೆ ನಮ್ಮ ಮನೆಯವರು ಅಂಗಡಿಯಿಂದ ಬಂದು ಚಹಾ ಕುಡಿಯುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. "ಏನ್ರಿ, ಭಾಗ್ಯಾ ನೋಡಿ ಹೊಟ್ಟಿಕಿಚ್ಚುಪಡುವಂಥಾದ್ದು ನನ್ನ ಹತ್ರ ಏನದ?" ಅವರು ಕಪ್ಪು ಕೆಳಗಿಟ್ಟು ಬಹಳ ಹೊತ್ತು, ನಿಜಕ್ಕೂ ಕಷ್ಟಪಟ್ಟು ಯೋಚಿಸಿದರು. ಆಮೇಲೆ ಮೀಸೆ ತಿರುವಿ, "ಯಾಕ, ನಾ ಇದ್ದೀನಲ್ಲ" ಎಂದರು. ನಾನು ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದೆ. ಅವರ ತಮ್ಮನೂ ಅಚ್ಚು ಇದೇ ಮೂಗು, ಇದೇ ಬಣ್ಣ, ಇದೇ ನಡಿಗೆ. ಫೋನಿನಲ್ಲಿ ದನಿ ಕೇಳಿದರೆ ಹೆತ್ತ ತಾಯಿಯೇ ತಪ್ಪುತ್ತಾರೆ. ಅಂಥದು ಭಾಗ್ಯಶ್ರೀಯ ಹತ್ತಿರವೂ ಒಂದಿದೆ. ಮತ್ತು ಅದಕ್ಕೆ ತಲೆಯ ಮೇಲೆ ಇನ್ನೂ ಕೂದಲಿದೆ.