ಸೋಫಾದ ಅಡಿಯ ಮುದ್ರೆ

ಮನೆ ತುಂಬ ಕುರ್ಚಿಗಳಿದ್ದೂ ಕೂರಲು ಜಾಗವಿಲ್ಲದ ಮನೆ ಯಾವುದೆಂದು ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಕುರ್ಚಿರಾಯರ ಮನೆಯನ್ನು ಬೊಟ್ಟು ಮಾಡಿ ತೋರಿಸುತ್ತಿದ್ದರು. ಕುರ್ಚಿರಾಯರೆಂಬುದು ಬೀದಿಯವರೇ ಇಟ್ಟ ಹೆಸರು. (ರಾಜಕೀಯಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ.) ಊರಿನ ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ನಲ್ಲಿ ನೀರನ್ನು ಪರೀಕ್ಷಿಸುವುದು ಅವರ ಉದ್ಯೋಗ. ಅಜ್ಜಂದಿರ ಕಾಲದಲ್ಲಿ ‘ಆಧುನಿಕ’ ಎನ್ನಿಸಿಕೊಂಡು ಈಗ ಅಟ್ಟ ಸೇರಿರುವ ಪೀಠೋಪಕರಣಗಳನ್ನು ಹುಡುಕಿ ಮನೆಗೆ ತರುವುದು ಅವರ ಹುಚ್ಚು. ಆ ಕುರ್ಚಿಗಳಲ್ಲಿ ಕೆತ್ತನೆಯಿಲ್ಲ, ಬಳ್ಳಿಯಿಲ್ಲ, ಸಿಂಹದ ಪಂಜದಂಥ ಕಾಲಿಲ್ಲ. ನಾಲ್ಕು ಸಪೂರ ಕಾಲು, ಎರಡು ಚಪ್ಪಟೆ ಕೈ, ಬೆನ್ನಿಗೆ ಬಾಗಿಸಿದ ಒಂದು ಹಲಗೆ, ಅಷ್ಟೇ. ಅದನ್ನು ಕಂಡರೆ ರಾಯರ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಪರೀಕ್ಷೆ ಮಾಡಬೇಕಾಗಿಲ್ಲದ ನೀರು.

ಇಷ್ಟೆಲ್ಲ ಕುರ್ಚಿಗಳಿದ್ದರೂ ಒಂದರ ಮೇಲೂ ಯಾರೂ ಕೂರುವಂತಿರಲಿಲ್ಲ. ಬೆತ್ತದ್ದರ ಮೇಲೆ ಕೂತರೆ ಹೆಣಿಗೆ ಸಡಿಲವಾದೀತು. ಉಕ್ಕಿನ ಕೊಳವೆಯದಕ್ಕೆ ಒರಗಿದರೆ ಬಾಗೀತು. ಹಲಗೆಯದನ್ನು ಮುಟ್ಟಿದರೆ ಬೆರಳಿನ ಗುರುತು ಬಿದ್ದೀತು. ರಾಯರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನಿಂದ ವಾರ್ಡಿನಲ್ಲಿ ನಿಂತೇ ಇದ್ದು, ಕಾಲು ಊದಿಸಿಕೊಂಡು ಮನೆಗೆ ಬಂದರೆ ಆಕೆಗೆ ಅಡುಗೆಮನೆಯ ಎತ್ತರದ ಪ್ಲಾಸ್ಟಿಕ್ ಸ್ಟೂಲೇ ಗತಿ. ಅದೂ ಆಕೆಯೇ ಜಗಳವಾಡಿ ಕೊಂಡು ತಂದದ್ದು. ರಾಯರ ಮಟ್ಟಿಗೆ ಅದು ಮನೆತನಕ್ಕೆ ಅಂಟಿದ ಕಳಂಕ.

“ರೀ, ನಮ್ಮ ಆಸ್ಪತ್ರೇಲಿ ಸತ್ತೋರಿಗೂ ಮಲಗೋಕೆ ಒಂದು ಜಾಗ ಕೊಡ್ತೀವಿ,” ಎಂದು ಆಕೆ ಒಮ್ಮೆ ಹೇಳಿದಳು. “ಬದುಕಿರೋಳಿಗೆ ಕೂರೋಕೆ ಒಂದು ಕುರ್ಚಿ ಬಿಟ್ಟುಕೊಡಿ.”

“ಇವೆಲ್ಲ ಕೂರೋ ಕುರ್ಚಿ ಅಲ್ಲ ಕಣೇ, ನೋಡೋ ಕುರ್ಚಿ,” ಎಂದರು ರಾಯರು. ಆಕೆ ನೋಡಿದಳು. ಕುರ್ಚಿಯನ್ನಲ್ಲ, ರಾಯರನ್ನು.

ಹೀಗಿರುವಾಗ, ನಿವೃತ್ತರಾದ ಮುಖ್ಯೋಪಾಧ್ಯಾಯಿನಿಯೊಬ್ಬರ ಮನೆಯಲ್ಲಿ ಒಂದು ಹಳೆಯ ಸೋಫಾ ಇದೆಯೆಂದೂ ಅದನ್ನು ಯಾರಿಗಾದರೂ ಕೊಡುವ ಯೋಚನೆಯಲ್ಲಿ ಅವರಿದ್ದಾರೆಂದೂ ಕಚೇರಿಯ ಗೆಳೆಯರೊಬ್ಬರು ರಾಯರ ಕಿವಿಗೆ ಹಾಕಿದರು. ಊರೆಲ್ಲ ಆ ಮುಖ್ಯೋಪಾಧ್ಯಾಯಿನಿಯನ್ನು ದೊಡ್ಡ ಮೇಡಂ ಎನ್ನುತ್ತಿತ್ತು. ಮೈಯಲ್ಲೂ ದೊಡ್ಡವರು, ದನಿಯಲ್ಲೂ ದೊಡ್ಡವರು. ಊರಿನ ಅರ್ಧ ಜನರನ್ನು ಒಂದಲ್ಲ ಒಂದು ದಿನ ಬೆಂಚಿನ ಮೇಲೆ ನಿಲ್ಲಿಸಿದವರು. ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ದನಿಯಿಂದ ಆಗಿರಲಿಲ್ಲ.

ರಾಯರು ಅವರ ಮನೆಗೆ ಹೋಗಿ ಸೋಫಾದ ಮುಂದೆ ನಿಂತರು. ಸಾಸಿವೆ ಬಣ್ಣದ ಉಣ್ಣೆ ಬಟ್ಟೆ, ನೆಲಕ್ಕೆ ಹತ್ತಿರವಾದ ಮೈ, ಹೊರಕ್ಕೆ ಓರೆಯಾಗಿ ಚಾಚಿದ ಕಾಲುಗಳು. ಇದು ದೂರದ ದೇಶದ ಒಬ್ಬ ಹೆಸರಾಂತ ಕುಶಲಕರ್ಮಿಯ ಕೈಯದೇ ಎಂದು ಅವರ ಮನಸ್ಸು ಕೂಗಿ ಹೇಳಿತು. ಹೌದೋ ಅಲ್ಲವೋ ತಿಳಿಯಲು ಇದ್ದದ್ದು ಒಂದೇ ದಾರಿ. ಅಸಲಿಯಾಗಿದ್ದರೆ ಅಡಿಯ ಅಡ್ಡ ಮರದಲ್ಲಿ ಕಾದ ಕಬ್ಬಿಣದಿಂದ ಒತ್ತಿದ ಮುದ್ರೆ ಇರಬೇಕು. ರಾಯರು ಮೆಲ್ಲನೆ ಬಗ್ಗಿದರು.

“ಏನ್ರೀ ಅದು, ಬಗ್ಗಿ ನೋಡೋದು? ನೆಟ್ಟಗೆ ನಿಂತ್ಕೊಳ್ಳಿ,” ಎಂದರು ದೊಡ್ಡ ಮೇಡಂ. ರಾಯರು ನೆಟ್ಟಗೆ ನಿಂತರು.

ಆಮೇಲೆ ನಡೆದದ್ದು ಹೆಣ್ಣು ಕೊಡುವವರ ವಿಚಾರಣೆ. ಮನೆಯಲ್ಲಿ ಯಾರು ಯಾರಿದ್ದೀರಿ, ಸ್ವಭಾವ ಹೇಗೆ, ಬೆಕ್ಕು ಸಾಕಿದ್ದೀರಾ, ತಲೆಗೆ ಎಣ್ಣೆ ಹಚ್ಚಿಕೊಂಡು ಒರಗುವ ಅಭ್ಯಾಸವುಂಟೆ. ಹಣದ ಮಾತನ್ನು ಅವರು ಎತ್ತಲೇ ಇಲ್ಲ. ಮನೆ ನೋಡದೆ ಸೋಫಾ ಕೊಡುವವಳಲ್ಲ ನಾನು ಎಂದು ಹೇಳಿ ಕಳುಹಿಸಿದರು.

ರಾಯರು ಮನೆಯ ಮೂಲೆಮೂಲೆ ಗುಡಿಸಿ ಒರೆಸಿದರು. ಮೇಡಂ ಬಂದಾಗ ಮನೆಯ ಮಾನ ಕಾಪಾಡಬೇಕೆಂದು ಹೆಂಡತಿಯನ್ನು ಬೇಡಿಕೊಂಡರು. ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ಕೇಳದ್ದನ್ನು ಹೇಳುವುದಿಲ್ಲ ಎಂದಳು ಆಕೆ. ರಾಯರಿಗೆ ಇದರಿಂದ ಸಮಾಧಾನವಾಯಿತು, ಆಗಬಾರದಿತ್ತು.

ಮೇಡಂ ಕೋಲೂರಿಕೊಂಡು ಬಂದರು. ರಾಯರು ಅವರನ್ನು ಒಂದೊಂದೇ ಕುರ್ಚಿಯ ಮುಂದೆ ನಿಲ್ಲಿಸಿ, ಅದರ ಹುಟ್ಟು, ವಂಶ, ಪರಂಪರೆಗಳನ್ನು ವಿವರಿಸಿದರು. ಪ್ರತಿ ವಿವರಣೆಯ ಕೊನೆಗೆ, ಇದು ನಮ್ಮ ಮನೆಗೆ ಬಂದ ಮೇಲೆ ಇದರ ಮೇಲೆ ಒಂದು ನೊಣವೂ ಕೂತಿಲ್ಲ ಎಂದು ಹೆಮ್ಮೆಯಿಂದ ಸೇರಿಸಿದರು. ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು.

“ಸರಿ,” ಎಂದರು ಕೊನೆಗೆ. “ಈಗ ನಾನೆಲ್ಲಿ ಕೂರಲಿ?”

ಪಠ್ಯದಲ್ಲೇ ಇಲ್ಲದ ಪ್ರಶ್ನೆ. ರಾಯರು ಬೆತ್ತದ ಕುರ್ಚಿಯನ್ನು ನೋಡಿದರು, ಮೇಡಮ್ಮನ್ನು ನೋಡಿದರು. ಉಕ್ಕಿನದನ್ನು ನೋಡಿದರು, ಮತ್ತೆ ಮೇಡಮ್ಮನ್ನು ನೋಡಿದರು. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಆ ಸ್ಟೂಲನ್ನು ತಂದು, ಕೈಯಿಂದ ಒರೆಸಿ, ಮೇಡಮ್ಮನ್ನು ಕೂರಿಸಿ ನೀರು ಕೊಟ್ಟಳು.

“ನೀನೆಲ್ಲಿ ಕೂರ್ತೀಯಮ್ಮಾ?” ಎಂದು ಮೇಡಂ ಕೇಳಿದರು.

“ಇದರ ಮೇಲೇನೇ, ಮೇಡಂ.” ಕೇಳಿದ್ದಕ್ಕೆ ಮಾತ್ರ ಉತ್ತರ.

ಮೇಡಂ ಲೋಟ ಕೆಳಗಿಟ್ಟರು. “ಸೋಫಾ ಕೊಡ್ತೀನಿ,” ಎಂದರು. ರಾಯರ ಮುಖ ಅರಳಿತು. “ನಿಮಗಲ್ಲ, ಇವಳಿಗೆ. ದಿನಾ ಇವಳು ಅದರ ಮೇಲೆ ಕೂರಬೇಕು. ಅದನ್ನ ಮಗುಚೋದು, ಎತ್ತಿ ನೋಡೋದು ಎಲ್ಲ ಮಾಡಕೂಡದು. ನಾನು ಆಗಾಗ ಬಂದು ನೋಡ್ತೀನಿ.” ಅರಳಿದ್ದ ಮುಖವನ್ನು ಏನು ಮಾಡಬೇಕೆಂದು ರಾಯರಿಗೆ ತಿಳಿಯಲಿಲ್ಲ.

ಸೋಫಾ ಬಂದು ಹಜಾರದ ನಟ್ಟನಡುವೆ ಕೂತಿತು. ಆ ದಿನ ರಾಯರಿಗೆ ರಜೆ, ಹೆಂಡತಿಗೆ ಡ್ಯೂಟಿ. ರಾಯರು ಸೋಫಾವನ್ನು ಸುತ್ತಿದರು, ಮತ್ತೆ ಸುತ್ತಿದರು. ಮಗುಚಬಾರದು, ಎತ್ತಬಾರದು, ನಿಜ. ಆದರೆ ಅಡಿಗೆ ಹೋಗಬಾರದೆಂದು ಮೇಡಂ ಹೇಳಿರಲಿಲ್ಲವಲ್ಲ. ನಿಯಮಗಳನ್ನು ಅಕ್ಷರಶಃ ಓದುವುದು ಪ್ರಯೋಗಾಲಯದವರಿಗೆ ರೂಢಿ. ಸಾಲದ್ದಕ್ಕೆ ರಾಯರದು ಕಡ್ಡಿಯಂಥ ಮೈ. ಟಾರ್ಚು ಹಿಡಿದು, ಅಂಗಾತ ಮಲಗಿ, ಸೋಫಾದ ಬೆನ್ನಿನ ಕಡೆಯಿಂದ ಒಳಕ್ಕೆ ಜಾರಿದರು. ಮೇಲೆ ದಿಂಬುಗಳನ್ನು ಹೊತ್ತ ರಬ್ಬರ್ ಪಟ್ಟಿಗಳು, ಅವುಗಳ ಪಕ್ಕದಲ್ಲಿ ಅಡ್ಡ ಮರ, ಮರದ ಮೇಲೆ, ಅಹಾ, ಸುಟ್ಟು ಒತ್ತಿದ ಮುದ್ರೆ. ಆದರೆ ಅದು ಮೂಗಿಗೆ ತಾಗುವಷ್ಟು ಹತ್ತಿರವಿತ್ತು. ಅಷ್ಟು ಹತ್ತಿರದ ಅಕ್ಷರಕ್ಕೆ ಚಾಳೀಸು ಬೇಕು. ಚಾಳೀಸು ಮೇಜಿನ ಮೇಲಿತ್ತು.

ತರೋಣವೆಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಹೆಂಡತಿ ಒಳಗೆ ಬಂದಳು, ಚೀಲ ಕೆಳಗೆ ಹಾಕಿದಳು, ಇಡೀ ದಿನದ ಭಾರವನ್ನು ಹೊತ್ತು ಸೋಫಾದ ಮೇಲೆ ಕೂತಳು. ಪಟ್ಟಿಗಳು ಇಳಿದು ಬಂದು ರಾಯರ ಎದೆಯ ಮೇಲೆ ನಿಂತವು. ಕೂಗಲು ರಾಯರು ಬಾಯಿ ತೆರೆದರು. ಆಗ ಮೇಲಿನಿಂದ ಒಂದು ಉದ್ದನೆಯ ಉಸಿರು ಕೇಳಿಸಿತು. ದಣಿದ ಜೀವ ಹಾಯಾಗಿ ಕೂತಾಗ ಬರುವ ಉಸಿರು. ಮದುವೆಯಾದಂದಿನಿಂದ ಈ ಮನೆಯಲ್ಲಿ ಆ ಸದ್ದನ್ನು ರಾಯರು ಕೇಳಿರಲಿಲ್ಲ. ಪಾಪ, ಸ್ವಲ್ಪ ಹೊತ್ತು ಕೂರಲಿ ಎಂದು ಬಾಯಿ ಮುಚ್ಚಿದರು. ಆ ಗಳಿಗೆಯಲ್ಲಿ ಅವರು ಒಳ್ಳೆಯ ಗಂಡನಾಗಿದ್ದರು. ಮುಂದಿನ ಅನಾಹುತಕ್ಕೆಲ್ಲ ಅದೇ ಕಾರಣ.

ಏಕೆಂದರೆ ಕರೆಗಂಟೆ ಸದ್ದು ಮಾಡಿತು. ಹೆಂಡತಿ ಎದ್ದು ಹೋದಳು. ರಾಯರು ಹೊರಕ್ಕೆ ಜಾರಬೇಕು, ಅಷ್ಟರಲ್ಲಿ “ಹೇಗಿದೆ ನೋಡೋಣ ಅಂತ ಬಂದೆ” ಎನ್ನುವ ದೊಡ್ಡ ದನಿ ಹಜಾರಕ್ಕೇ ಬಂತು. ಬಂದದ್ದಲ್ಲದೆ ಕೂತಿತು. ರಾಯರ ಎದೆಯಲ್ಲಿದ್ದ ಗಾಳಿಯೆಲ್ಲ ಒಮ್ಮೆಗೇ ಹೊರಬಿತ್ತು. ಪಕ್ಕದಲ್ಲಿ ಹೆಂಡತಿಯೂ ಕೂತಳು. ಈಗ ಕೂಗಿದರೆ ಮೇಡಮ್ಮಿನ ಕೈಗೆ ಸಿಕ್ಕಿಬೀಳಬೇಕು, ಬೆಂಚಿನ ಮೇಲೆ ನಿಲ್ಲಬೇಕು. ರಾಯರು ಸಣ್ಣಗೆ ಉಸಿರಾಡುತ್ತ ಸುಮ್ಮನಿದ್ದರು.

ಯಜಮಾನರು ಎಲ್ಲಿ ಎಂದು ಮೇಡಂ ವಿಚಾರಿಸಿದರು. ಎಲ್ಲೋ ಹಳೇ ಕುರ್ಚಿಯ ಕಾಲು ಹಿಡಿಯಲು ಹೋಗಿರಬೇಕು ಎಂದಳು ಹೆಂಡತಿ. ಈ ಸೋಫಾ ಯಾರೋ ಪರದೇಶದ ದೊಡ್ಡ ಹೆಸರಿನವರು ಮಾಡಿದ್ದಂತೆ, ಅಡಿಯಲ್ಲಿ ಅವರ ಮುದ್ರೆ ಇರುತ್ತದಂತೆ, ಅದನ್ನು ನೋಡುವವರೆಗೆ ಅವರಿಗೆ ನಿದ್ದೆ ಬರುವುದಿಲ್ಲವಂತೆ ಎಂದು ತಿಳಿಸಿದಳು. ಮೇಡಂ ನಕ್ಕರು. ನಗು ಇಡಿಯಾಗಿ ರಾಯರ ಪಕ್ಕೆಲುಬುಗಳಿಗೆ ತಲುಪಿತು.

“ಮುದ್ರೆ ಇದೆಯಮ್ಮ. ನಮ್ಮ ಸ್ಕೂಲಿಂದು,” ಎಂದರು ಮೇಡಂ. “ಮರಗೆಲಸದ ಮೇಷ್ಟ್ರು ಯಾವುದೋ ಪತ್ರಿಕೇಲಿ ಚಿತ್ರ ನೋಡಿ, ಏಳನೇ ಕ್ಲಾಸಿನವರ ಕೈಲಿ ಮಾಡಿಸಿದ್ದು. ಕಾಲು ನೆಟ್ಟಗೆ ಕೂರಿಸೋಕೆ ಬರಲಿಲ್ಲ ಅವಕ್ಕೆ.”

“ಇರಲಿ ಬಿಡಿ ಮೇಡಂ, ಕೂತ್ರೆ ಹಾಯಾಗಿದೆ,” ಎಂದಳು ಹೆಂಡತಿ.

“ಏಳನೇ ಕ್ಲಾಸಾ?” ಎಂದಿತು ಸೋಫಾ.

ಹೆಂಡತಿ ಎದ್ದು ಬಗ್ಗಿ ನೋಡಿದಳು. ಟಾರ್ಚಿನ ಬೆಳಕಿನಲ್ಲಿ ಗಂಡನ ಮುಖ ಕಂಡಿತು. ರಾಯರು ತಾವು ಮಗುಚಿಲ್ಲವೆಂದೂ ಎತ್ತಿಲ್ಲವೆಂದೂ ಮೊದಲು ಸ್ಪಷ್ಟಪಡಿಸಿ, ಮೇಡಂ ಒಂದು ಕ್ಷಣ ಎದ್ದರೆ ಮಿಕ್ಕದ್ದನ್ನು ಹೊರಗೆ ಬಂದು ವಿವರಿಸುವುದಾಗಿ ಹೇಳಿದರು.

“ಏಳೋದಾ?” ಎಂದರು ಮೇಡಂ. “ಕೂತ್ರೆ ಏಳೋಕಾಗಲ್ಲ ಅಂತಾನೇ ಅಲ್ವಾ ಇದನ್ನ ಕೊಟ್ಟಿದ್ದು. ಮಂಡಿ ಬಗ್ಗೋದು ಬಗ್ಗತ್ತೆ, ವಾಪಸ್ ಬರಲ್ಲ. ಹಳೇ ಅಭ್ಯಾಸ, ನೋಡಿದ ತಕ್ಷಣ ಕೂತುಬಿಟ್ಟೆ. ಮನೇಲಿ ಯಾವಾಗಲೂ ಇಬ್ಬರು ಸೇರಿ ನನ್ನ ಎತ್ತೋರು.”

ಹೆಂಡತಿ ರೋಗಿಗಳನ್ನು ಎಬ್ಬಿಸಿ ಪಳಗಿದವಳು. ಕಾಲು ಭದ್ರವಾಗಿ ಊರಿ, ಮೇಡಮ್ಮಿನ ಎರಡೂ ಕೈ ಹಿಡಿದು ಎಳೆದಳು. ಮೇಡಂ ಅರ್ಧ ಎದ್ದರು, ಮತ್ತೆ ಕೂತರು. ಕೆಳಗಿನಿಂದ ಒಂದು ಸದ್ದು ಬಂತು. ಮತ್ತೊಮ್ಮೆ ಎಳೆದಳು, ಮತ್ತೊಮ್ಮೆ ಸದ್ದು ಬಂತು. ಕೊನೆಗೆ ಆಕೆ ಬೆವರು ಒರೆಸಿಕೊಂಡು ಬಗ್ಗಿ, ವಾರ್ಡಿನಲ್ಲಿ ಮಾತಾಡುವ ತಣ್ಣಗಿನ ದನಿಯಲ್ಲಿ ಹೇಳಿದಳು:

“ನನ್ನೊಬ್ಬಳ ಕೈಲಿ ಆಗಲ್ಲ ರೀ. ನೀವು ಆಚೆ ಬನ್ನಿ, ಇಬ್ರೂ ಸೇರಿ ಎತ್ತೋಣ.”