ಗುಡಿಸಿ ಹಾಕಿದ ಪರಿಹಾರ

ಮನೆಗೆ ಯಾರಾದರೂ ಬರುತ್ತಾರೆಂದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಡಿಸಬೇಕು, ಸಾರಿಸಬೇಕು, ರಂಗೋಲಿ ಹಾಕಬೇಕು. ಬರುವವರು ಸರ್ಕಾರದವರಾದರೆ ಎರಡು ಸಲ ಗುಡಿಸಬೇಕು!

ಹುಣಸಮಾರನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ದ್ರಾಕ್ಷಿ ತೋಟವಿದೆ. ಮೇಲೆ ವಿಮಾನ, ಪಕ್ಕದಲ್ಲಿ ಹೆದ್ದಾರಿ, ನಡುವೆ ನಮ್ಮ ಯಜಮಾನರು ನೆಟ್ಟ ಬಳ್ಳಿ. ಅವರು ತೀರಿಕೊಂಡು ವರ್ಷ ತುಂಬುವ ಮೊದಲೇ ಆಲಿಕಲ್ಲು ಬಿದ್ದು ಫಸಲೆಲ್ಲ ನೆಲ ಕಚ್ಚಿತು.

"ಸಾಕು ಬಿಡಿ ಅತ್ತಿಗೆ. ನೆಲ ಮಟ್ಟ ಮಾಡ್ಸಿ ಕಾರ್ ನಿಲ್ಸೋಕೆ ಕೊಟ್ಬಿಡೋಣ," ಎಂದ ಮೈದುನ ಮುನಿರಾಜು.

"ಬೆಳೆ ಪರಿಹಾರ ಬಂದ್ರೆ ಚಪ್ಪರ ರಿಪೇರಿ ಮಾಡಿಸ್ತೀನಿ. ಬಳ್ಳಿ ಬಿಡಲ್ಲ."

"ಬರ್ದೇ ಇದ್ರೆ?"

"ಆಗ ನಿನ್ನಿಷ್ಟ ಕಣಪ್ಪ."

ಹಾನಿ ನೋಡಲು ಗ್ರಾಮ ಲೆಕ್ಕಿಗರು ಸೋಮವಾರ ಬರುತ್ತಾರೆಂದು ತಿಳಿಯಿತು. ಭಾನುವಾರ ಸೆರಗು ಸಿಕ್ಕಿಸಿ ತೋಟಕ್ಕಿಳಿದೆ. ಉದುರಿದ ಗೊಂಚಲು, ಹರಿದ ಎಲೆ, ಮುರಿದ ರೆಂಬೆ ಎಲ್ಲವನ್ನೂ ಬುಟ್ಟಿಗಟ್ಟಲೆ ತಿಪ್ಪೆಗೆ ಸಾಗಿಸಿದೆ. ಜೋತುಬಿದ್ದ ಬಳ್ಳಿಗಳನ್ನು ಕತ್ತರಿಸಿ ಒಪ್ಪ ಮಾಡಿದೆ. ಗೇಟಿನ ಮುಂದೆ ರಂಗೋಲಿಯೂ ಬಿತ್ತು. "ಕಸ ನೋಡಿದ್ರೆ ಬಂದವ್ರು ಮೂಗು ಮುರೀತಾರೆ ಕಣೇ" ಎಂದು ಯಜಮಾನರು ಹೇಳುತ್ತಿದ್ದರು. ಅವರ ಮಾನ ಉಳಿಸಿದ ತೃಪ್ತಿಯಲ್ಲಿ ಮಲಗಿದೆ.

ಲೆಕ್ಕಿಗರು ಬಂದರು. ಚಿಕ್ಕ ವಯಸ್ಸಿನವರು. ತೋಟ ನೋಡಿದರು. ರಂಗೋಲಿ ನೋಡಿದರು.

"ಅಮ್ಮಾ, ಹಾನಿ ಎಲ್ಲಿ?"

"ಎಲ್ಲಾ ಕ್ಲೀನ್ ಮಾಡ್ಬಿಟ್ಟೆ ಸಾರ್!"

ಅವರು ಮೊಬೈಲನ್ನು ಜೇಬಿಗೆ ಇಳಿಸಿದರು. "ಫೋಟೋದಲ್ಲಿ ಹಾನಿ ಕಾಣ್ಬೇಕಮ್ಮ. ಇದನ್ನ ಕಳ್ಸಿದ್ರೆ ಬಹುಮಾನ ಬರುತ್ತೆ, ಪರಿಹಾರ ಬರಲ್ಲ."

ಮುನಿರಾಜು ಅಲ್ಲೇ ಹೆಜ್ಜೆ ಹಾಕುತ್ತ ನೆಲ ಅಳೆಯತೊಡಗಿದ!

ಸೋಲುವವಳು ನಾನಲ್ಲ. ಲೆಕ್ಕಿಗರನ್ನು ಕಾಫಿಗೆ ಕೂರಿಸಿ, ಪಕ್ಕದ ಮನೆಯ ರತ್ನಮ್ಮನನ್ನು ಕೂಗಿ, ತಿಪ್ಪೆಗೆ ಧಾವಿಸಿದೆ.

"ಇಂಗೂ ಉಂಟೇನಕ್ಕಾ? ಎಸ್ದಿದ್ನ ವಾಪಸ್ ಒತ್ಕೊಂಡ್ ಬರೋದು!" ಎನ್ನುತ್ತಲೇ ಆಕೆ ಬುಟ್ಟಿ ಎತ್ತಿದಳು. ಗೊಂಚಲುಗಳನ್ನು ಬಳ್ಳಿಯ ಕೆಳಗೆ ಹರಡಿದೆವು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ! ನೈಜತೆಯ ದೃಷ್ಟಿಯಿಂದ ಕೆಲವನ್ನು ಬಾಳೆನಾರಿನಲ್ಲಿ ಬಳ್ಳಿಗೇ ಕಟ್ಟಿದೆವು.

ಲೆಕ್ಕಿಗರು ಬಂದು ಒಂದು ಗೊಂಚಲನ್ನು ತಿರುಗಿಸಿ ನೋಡಿದರು.

"ಅಮ್ಮಾ, ನಿಮ್ಮೂರಲ್ಲಿ ಆಲಿಕಲ್ಲು ಹೂ ಕಟ್ಟೋ ಗಂಟು ಹಾಕುತ್ತಾ?"

ರತ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಎಲ್ಲ ಒಪ್ಪಿಕೊಂಡು ಕೈ ಮುಗಿದೆ.

ಅವರು ಸಾಲಿನುದ್ದಕ್ಕೂ ನಡೆದು, ಪಂಪ್ ಮನೆಯ ಮೂಲೆಯಲ್ಲಿ ನಿಂತರು. ಅಲ್ಲೊಂದು ಬಳ್ಳಿ ಆಲಿಕಲ್ಲು ಬಿದ್ದಾಗ ಹೇಗಿತ್ತೋ ಹಾಗೇ ಇತ್ತು. ಎಲೆಯೆಲ್ಲ ಜಾಲರಿ, ಕಾಯೆಲ್ಲ ಸೀಳು.

"ಇದನ್ಯಾಕೆ ಬಿಟ್ರಿ?"

"ಅದು ನಮ್ಮವ್ರು ತಮ್ಮ ಲುಂಗಿ ಹರಿದು ಕಟ್ಟಿದ ಬಳ್ಳಿ ಸಾರ್. ಕತ್ತರಿ ಹಾಕೋಕೆ ಕೈ ಬರ್ಲಿಲ್ಲ."

ಅವರು ಮೊಬೈಲ್ ಹೊರತೆಗೆದರು. ಆ ಬಳ್ಳಿಯ ಫೋಟೋ ತೆಗೆದರು. ಆಮೇಲೆ ಉಳಿದ ಕಾಂಡಗಳ ಮೇಲಿನ ಏಟಿನ ಗುರುತುಗಳದ್ದು, ತಿಪ್ಪೆಯದ್ದೂ.

"ಇದ್ದಿದ್ದು ಇದ್ದಂಗೆ ಬರೀತೀನಮ್ಮ. ಮೇಲಿನವ್ರು ಇನ್ನೊಂದ್ಸಲ ನೋಡೋಕೆ ಬರ್ತಾರೆ. ಅಲ್ಲೀವರ್ಗೂ ದಯವಿಟ್ಟು ಪೊರಕೆ ಮುಟ್ಬೇಡಿ!"

ಮುನಿರಾಜು ಅಳತೆ ನಿಲ್ಲಿಸಿದ್ದಾನೆ. ತೋಟದಲ್ಲಿ ದ್ರಾಕ್ಷಿ ಕೊಳೆಯುತ್ತಿದೆ, ನೊಣಗಳು ಮುತ್ತಿವೆ. ಮುನ್ನೆಚ್ಚರಿಕೆಯ ಕ್ರಮವಾಗಿ ನನ್ನ ಪೊರಕೆಯನ್ನು ರತ್ನಮ್ಮ ತನ್ನ ಮನೆಯಲ್ಲಿಟ್ಟು ಬೀಗ ಜಡಿದಿದ್ದಾಳೆ. ನಾನು ಗಟ್ಟಿ ಮನಸ್ಸಿನವಳು, ಎಲ್ಲ ತಡೆದುಕೊಂಡಿದ್ದೇನೆ. ನಿನ್ನೆ ಮಾತ್ರ ಆಕೆಯ ಬಾಗಿಲು ತಟ್ಟಿ, "ಗೇಟಿನ ಹತ್ರ ಒಂಚೂರು ಗುಡಿಸ್ಲಾ?" ಎಂದು ಕೇಳಿ ಬೈಸಿಕೊಂಡು ಬಂದೆ.