ಗದ್ದೆಯಲ್ಲಿದ್ದ ಶಾಲೆ

ಮದುವೆ ಊಟ ತಪ್ಪಿದರೆ ನಮ್ಮ ಭಾವನಿಗೆ ಏನೂ ಆಗುವುದಿಲ್ಲ. ಆದರೆ ಮದುವೆ ಮಂಟಪ ಫೋನಿನ ಮ್ಯಾಪಿನಲ್ಲಿ ಎಂಟು ಮೀಟರ್ ಆಚೆ ಇದೆ ಎಂದು ಗೊತ್ತಾದರೆ ಜ್ವರ ಬರುತ್ತದೆ! ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ ಸ್ವಾಮಿ, ಕಣ್ಣಾರೆ ಕಂಡಿದ್ದೇನೆ. ಹೊಳಲೂರಿನಲ್ಲಿ ನೆಂಟರ ಮದುವೆ. ಎಲ್ಲರೂ ಕಡೇ ಪಂಕ್ತಿಗೆ ಕೂತಿದ್ದೇವೆ, ಭಾವ ನಾಪತ್ತೆ. ಹುಡುಕಿಕೊಂಡು ಹೋದರೆ ಮಂಟಪದ ಹಿಂದೆ ತಿಪ್ಪೆ ಪಕ್ಕ ನಿಂತು, ಫೋನನ್ನು ಆಕಾಶಕ್ಕೆ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದಾರೆ.

“ಭಾವ, ಹೋಳಿಗೆ ಬಡಿಸ್ತಾ ಇದಾರೆ, ಬನ್ನಿ!”

“ತಡಿ ಮಾರಾಯ. ಯಾರೋ ಮಂಟಪಾನ ತಗೊಂಡೋಗಿ ಪಕ್ಕದ ಮನೆ ಬಚ್ಚಲಲ್ಲಿ ಇಟ್ಟಿದಾರೆ. ನಾಳೆ ಯಾರಾದ್ರೂ ಉಡುಗೊರೆ ಹಿಡ್ಕೊಂಡು ಅಲ್ಲಿಗೇ ನುಗ್ಗಿದ್ರೆ?”

ಅವರು ಮಂಟಪವನ್ನು ಬಚ್ಚಲಿನಿಂದ ಬಿಡಿಸಿ ತರುವಷ್ಟರಲ್ಲಿ ಎಲೆ ಎತ್ತಿಯಾಗಿತ್ತು. ಶಿವಮೊಗ್ಗ ತಲುಪುವವರೆಗೂ ಅಕ್ಕ ಅವರ ಹತ್ತಿರ ಮಾತಾಡಲಿಲ್ಲ. ಮಾತಾಡದೇ ಇದ್ದದ್ದು ಅವರ ಗಮನಕ್ಕೂ ಬರಲಿಲ್ಲ.

ಈ ಭಾವ, ಅಂದರೆ ನನ್ನ ಅಕ್ಕನ ಗಂಡ, ಭದ್ರಾವತಿಯ ಅಂಚಿನಲ್ಲಿದ್ದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮನೆ ಶಿವಮೊಗ್ಗದ ಹೊಸಮನೆಯಲ್ಲಿ, ದಿನಾ ಬಸ್ಸು. ಆ ಶಾಲೆಗೆ ಒಂದು ಸ್ಮಾರ್ಟ್ ಬೋರ್ಡ್ ಬಂದಿತ್ತು. ಬಂದ ದಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಆಮೇಲೆ ಕರೆಂಟು ಇದ್ದಾಗ ನೆಟ್ ಇರಲಿಲ್ಲ, ನೆಟ್ ಬಂದಾಗ ಕರೆಂಟು ಇರಲಿಲ್ಲ. ಎರಡೂ ಒಟ್ಟಿಗೆ ಬಂದದ್ದು ಬೇಸಿಗೆ ರಜೆಯಲ್ಲಂತೆ!

ಭಾವ ಕಾಯುವ ಪೈಕಿಯೇ? ತಮ್ಮ ಫೋನನ್ನೇ ಮೇಜಿನ ಮೇಲಿಟ್ಟರು. ಹತ್ತೊಂಬತ್ತು ಮಕ್ಕಳಿಗೆ ಒಂದು ಫೋನು. ಹಿಂದೆ ನಿಂತವರಿಗೆ ಕಂಡದ್ದು ಮುಂದೆ ನಿಂತವರ ಎಣ್ಣೆ ಹಚ್ಚಿದ ತಲೆ ಮಾತ್ರ. ಆಗ ಅವರ ಕಣ್ಣು ನನ್ನ ಜೆರಾಕ್ಸ್ ಅಂಗಡಿಯ ಮೇಲೆ ಬಿತ್ತು. ಉಪಗ್ರಹದ ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು, ಮಕ್ಕಳನ್ನು ಬೀದಿಗೆ ಕರೆದೊಯ್ದು, ಏನೇನು ಎಲ್ಲೆಲ್ಲಿದೆ ಎಂದು ಗುರುತು ಹಾಕಿಸಿ, ಕೊನೆಗೆ ಅದನ್ನೆಲ್ಲ ಫೋನಿನ ಮ್ಯಾಪಿಗೆ ಏರಿಸುವುದು. ಮಕ್ಕಳು ಬರೆದದ್ದನ್ನು ನೀವು ನೋಡಬೇಕಿತ್ತು: ‘ಕಚ್ಚುವ ನಾಯಿ’, ‘ಕಚ್ಚದ ನಾಯಿ’, ‘ಚೆಂಡು ಬಿದ್ದರೆ ವಾಪಸ್ ಕೊಡದ ಅಜ್ಜಿ’.

“ಇದೂ ಭೂಗೋಳವಾ ಭಾವ?” ಎಂದು ಕೇಳಿದೆ.

“ಇದೇ ಭೂಗೋಳ. ನಿಂಗೆ ಸಹಾರಾ ಮರುಭೂಮಿ ಬಾಯಿಪಾಠ ಮಾಡ್ಸಿದ್ರಲ್ಲ, ಎಷ್ಟು ಸಲ ಹೋಗಿ ಬಂದೆ?”

ಐದನೇ ಕ್ಲಾಸಿನ ಸೆಲ್ವಿ ಎಂಬ ಹುಡುಗಿ ಈ ಗುರುವಿಗೆ ತಕ್ಕ ಶಿಷ್ಯೆ. ತಾಯಿ ಬೆಳಗಾಗುವ ಮೊದಲೇ ಜನ್ನಾಪುರಕ್ಕೆ ಮನೆಗೆಲಸಕ್ಕೆ ಹೋಗುವುದರಿಂದ, ಒಂದು ವರ್ಷದ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಶಾಲೆಗೆ ಬರುತ್ತಿದ್ದಳು. ಮಗು ಜಗಲಿಯ ಮೇಲೆ ಚಾಪೆಯಲ್ಲಿ ಮಲಗುವುದು, ಅಕ್ಕ ಒಳಗೆ ಕೂತು ಅಕ್ಷಾಂಶ ರೇಖಾಂಶ ಕಲಿಯುವುದು. ಒಂದು ದಿನ ಇವಳೇ ಫೋನು ನೋಡುತ್ತಾ ಕೂಗಿದಳು:

“ಸಾರ್, ನಮ್ ಸ್ಕೂಲು ಗದ್ದೇಲಿದೆ ಸಾರ್!”

ನಿಜ. ಯಾರೋ ಪುಣ್ಯಾತ್ಮರು ಯಾವತ್ತೋ ಹಾಕಿದ ಗುರುತು. ಮ್ಯಾಪಿನ ಪ್ರಕಾರ ಶಾಲೆ ಎರಡು ಕಿಲೋಮೀಟರ್ ಆಚೆ, ಭತ್ತದ ಗದ್ದೆಯ ನಟ್ಟನಡುವೆ ನಿಂತಿತ್ತು. ಶಿಕ್ಷಣ ಇಲಾಖೆಯ ಪಟ್ಟಿಯಲ್ಲೂ ಅದೇ ಜಾಗ. ಭಾವನಿಗೆ ಜ್ವರ ಬಂತು ಎಂದು ಬೇರೆ ಹೇಳಬೇಕೇ? ಗೇಟು, ಬಾವಿಕಟ್ಟೆ, ಬಿಸಿಯೂಟದ ಕೋಣೆ, ಎಲ್ಲದರ ಫೋಟೋ ಮ್ಯಾಪಿನವರಿಗೆ ಹೋಯಿತು. ಇಲಾಖೆಯ ಆಫೀಸಿಗೆ ಪತ್ರದ ಮೇಲೆ ಪತ್ರ ಹೋಯಿತು. ಕೊನೆಗೆ ಎರಡೂ ಕಡೆ ಸರಿಯಾದ ದಿನ ಮಕ್ಕಳಿಗೂ ನನಗೂ ಮೈಸೂರ್‌ಪಾಕ್ ಹಂಚಿದರು. ನಾನೂ ಬಾಯಿ ಚಪ್ಪರಿಸಿ ತಿಂದೆ, ದಡ್ಡ!

ಮುಂದಿನ ವರ್ಷ, ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಹತ್ತಿರದ ಶಾಲೆಯೊಳಗೆ ವಿಲೀನ ಮಾಡುವ ಪಟ್ಟಿ ತಯಾರಾಯಿತು. ಗದ್ದೆಯಲ್ಲಿದ್ದಷ್ಟು ದಿನ ಭಾವನ ಶಾಲೆ ಎಲ್ಲಾ ಶಾಲೆಗಳಿಂದಲೂ ದೂರ, ಯಾರ ಕಣ್ಣಿಗೂ ಬೀಳದೆ ತಣ್ಣಗಿತ್ತು. ಈಗ? ನಾಲೆಯ ಆಚೆ ದಡದ ದೊಡ್ಡ ಶಾಲೆಗೆ ನೇರ ಗೆರೆ ಎಳೆದರೆ ಒಂದು ಕಿಲೋಮೀಟರೂ ಇಲ್ಲ! ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಆ ಕಲ್ಲನ್ನು ಅಳೆದು, ಫೋಟೋ ತೆಗೆದು, ಮಕ್ಕಳ ಕೈಯಲ್ಲಿ ಪ್ರಾಜೆಕ್ಟ್ ಮಾಡಿಸಿ ಹಾಕಿಕೊಂಡವರು ಇವರೊಬ್ಬರೇ.

ಆಫೀಸಿಗೆ ನಾನೂ ಜೊತೆಗೆ ಹೋದೆ.

“ಮಧ್ಯೆ ನಾಲೆ ಇದೆ ಸಾರ್,” ಎಂದರು ಭಾವ. “ಸೇತುವೆ ಸುತ್ತಿ ಹೋದ್ರೆ ಮೂರು ಕಿಲೋಮೀಟರ್ ಮೇಲಾಗುತ್ತೆ. ಸಣ್ಣ ಮಕ್ಕಳು.”

ಸಾಹೇಬರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಕೆಟ್ಟವರಲ್ಲ, ಪಾಪ, ಕುರ್ಚಿ ಹಾಕಿಸಿ ಕೂರಿಸಿದ್ದರು. “ಇಲ್ಲಿ ಒಂಬೈನೂರು ಮೀಟರ್ ತೋರಿಸ್ತಿದೆಯಲ್ರೀ. ನಿಮ್ಮ ಸ್ಕೂಲಿನ ಲೊಕೇಶನ್ ಏನಾದ್ರೂ ತಪ್ಪಿದೆಯಾ?”

ನಾನು ಮೇಜಿನ ಕೆಳಗೆ ಭಾವನ ಕಾಲು ತುಳಿದೆ. ಜೋರಾಗಿಯೇ ತುಳಿದೆ.

“ಇಲ್ಲ ಸಾರ್,” ಎಂದರು ಭಾವ. “ಲೊಕೇಶನ್ ಸರಿ ಇದೆ. ನಾವೇ ಸರಿ ಮಾಡಿದ್ದು.”

ಹೊರಗೆ ಬಂದು ಕೈ ಮುಗಿದೆ. “ಭಾವ, ವಾಪಸ್ ಗದ್ದೆಗೆ ಹಾಕಿಬಿಡಿ. ಈಗಿನ ಲೊಕೇಶನ್ ತಪ್ಪು ಅಂತ ಒಂದು ಪತ್ರ ಕೊಡಿ. ನಾನೇ ಟೈಪ್ ಮಾಡ್ತೀನಿ.”

“ಹತ್ತೊಂಬತ್ತು ಮಕ್ಕಳು ಕಣ್ಣಾರೆ ನೋಡಿದಾರೆ ಮಾರಾಯ. ನಾಳೆ ಯಾವ ಮುಖ ಇಟ್ಕೊಂಡು ಪಾಠ ಮಾಡ್ಲಿ?”

“ಪಾಠ ಮಾಡೋಕೆ ಸ್ಕೂಲಿದ್ರೆ ತಾನೇ!”

ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು, ಹೇಳಿ? ಮಾರನೆಯ ದಿನವೇ ಅವರು ಮಕ್ಕಳನ್ನು ಕರೆದುಕೊಂಡು ಸೇತುವೆ ಸುತ್ತಿ ದೊಡ್ಡ ಶಾಲೆಯವರೆಗೂ ನಡೆದರು. ಸೆಲ್ವಿ ಫೋನು ಹಿಡಿದಿದ್ದಳು, ನಡೆದ ದಾರಿಯೆಲ್ಲ ಮ್ಯಾಪಿನಲ್ಲಿ ನೀಲಿ ಗೆರೆಯಾಗಿ ಮೂಡಿತು. ಲಾರಿ ಓಡಾಡುವ ತಿರುವು, ಫುಟ್‌ಪಾತ್ ಇಲ್ಲದ ಜಾಗ, ಸಣ್ಣವರು ಸುಸ್ತಾಗಿ ಕೂತ ಕಟ್ಟೆ, ಎಲ್ಲಕ್ಕೂ ಗುರುತು. ಅದರಷ್ಟು ಚೆನ್ನಾದ ಪ್ರಿಂಟು ನನ್ನ ಅಂಗಡಿಯಿಂದ ಇನ್ನೊಂದು ಹೋಗಿಲ್ಲ. ಆಫೀಸಿನವರು ತೆಗೆದುಕೊಂಡು ಸ್ವೀಕೃತಿಯ ಸೀಲು ಹಾಕಿಕೊಟ್ಟರು. ಜೂನ್ ತಿಂಗಳಲ್ಲಿ ಶಾಲೆಗೆ ಬೀಗ ಬಿತ್ತು.

ಭಾವನನ್ನು ದೊಡ್ಡ ಶಾಲೆಗೇ ಹಾಕಿದರು. ಹದಿನೆಂಟು ಮಕ್ಕಳು ಬಿದ್ದೂ ಎದ್ದೂ ಅಲ್ಲಿಗೆ ಬಂದರು. ಸೆಲ್ವಿ ಬರಲಿಲ್ಲ. ಸೊಂಟದ ಮೇಲೆ ಮಗು ಹೊತ್ತು ಅಷ್ಟು ದೂರ ಹೇಗೆ ನಡೆದಾಳು? ಅಂಗನವಾಡಿಗೆ ಬಿಡಲು ಆ ಮಗುವಿಗೆ ಇನ್ನೂ ವಯಸ್ಸಾಗಿರಲಿಲ್ಲ. ಭಾವ ಮೂರು ಸಲ ಅವರ ಮನೆಗೆ ಹೋಗಿ ಬಂದರು. ಮೂರು ಸಲವೂ ತಾಯಿಯದು ಒಂದೇ ಮಾತು: “ಚಿಕ್ಕದನ್ನ ಯಾರ ಕೈಲಿ ಬಿಡ್ಲಿ ಸಾರ್, ನೀವೇ ಹೇಳಿ.”

ಅಲ್ಲಿಂದ ಮುಂದೆ ಭಾವ ಸಪ್ಪಗಾದರು. ಮ್ಯಾಪಿನ ಸುದ್ದಿ ಎತ್ತುವುದನ್ನೇ ಬಿಟ್ಟರು. ನನ್ನ ಅಂಗಡಿ ಎದುರು ಸಾಲಿನ ಸಲೂನಿನೊಳಗೆ ಬಂದಿದೆ ನೋಡಿ ಎಂದು ಬೇಕೆಂದೇ ಕೆಣಕಿದೆ. “ಇರ್ಲಿ ಬಿಡು” ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಆ ಹಳೆಯ ಶಾಲೆಯನ್ನು ಮ್ಯಾಪಿನಲ್ಲಿ ತೆಗೆದು ನೋಡಿದೆ. ಅದರ ಕೆಳಗೆ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದು ಕೆಂಪಕ್ಷರದಲ್ಲಿ ಬಂದದ್ದನ್ನು ಮೊದಲೇ ಕಂಡಿದ್ದೆ. ಈಗ ನೋಡಿದರೆ ಅದು ಹೋಗಿ ‘ಭಾನುವಾರ, ಬೆಳಿಗ್ಗೆ 8ರಿಂದ 11’ ಎಂದಿದೆ! ಇದು ಯಾರ ಕೆಲಸ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ನನ್ನ ಮೈ ಉರಿದುಹೋಯಿತು. ಶಾಲೆ ಉಳಿಸಲು ಒಂದೇ ಒಂದು ಸುಳ್ಳು ಹೇಳಿ ಎಂದು ಗೋಗರೆದಾಗ ಒಪ್ಪದ ಮನುಷ್ಯ, ಎಲ್ಲಾ ಮುಗಿದ ಮೇಲೆ ಸುಳ್ಳು ಬರೆಯುವುದೇ?

ಭಾನುವಾರ ಜಗಳಕ್ಕೆಂದೇ ಅವರ ಮನೆಗೆ ಹೋದೆ. “ಅದೇನೋ ಕೆಲಸ ಇದೆಯಂತೆ, ಏಳಕ್ಕೇ ಹೋದ್ರು,” ಎಂದಳು ಅಕ್ಕ. ಬೈಕು ಹತ್ತಿ ಸೀದಾ ಭದ್ರಾವತಿಗೆ ಬಿಟ್ಟೆ. ಏನೇನು ಬೈಯಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಶಾಲೆಯ ಬಾಗಿಲಿಗೆ ಬೀಗ ಹಾಗೇ ಇತ್ತು. ಜಗಲಿಯ ಮೇಲೆ ಭಾವ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಸೆಲ್ವಿಯ ತಂಗಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಳು. ಪಕ್ಕದಲ್ಲಿ ಸೆಲ್ವಿ ನೋಟ್‌ಬುಕ್ಕಿನ ಮೇಲೆ ಬಗ್ಗಿ, ನಾಲಿಗೆ ಕಚ್ಚಿಕೊಂಡು ಏನೋ ಬರೆಯುತ್ತಿದ್ದಳು. ಈ ಮನುಷ್ಯನ ಮೇಲೆ ಇಷ್ಟು ದಿನ ಸಿಟ್ಟು ಮಾಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

“ಭಾವ...” ಎಂದೆ.

ಭಾವ ಕೈಗಡಿಯಾರ ನೋಡಿಕೊಂಡರು. “ಮೆಲ್ಲಗೆ ಮಾರಾಯ, ಮಗು ಎದ್ದುಬಿಡುತ್ತೆ. ಈಗಿನ್ನೂ ಹತ್ತೂವರೆ. ಇನ್ನೂ ಅರ್ಧ ಗಂಟೆ ಸ್ಕೂಲಿದೆ, ಕೂತ್ಕೋ.”